ಶ್ವಾಸಕೋಶಕ್ಕೆ ಹೆಪ್ಪು ಹೋದಾಗ ನೈಟ್ರಿಕ್ ಆಕ್ಸೈಡ್: ಅಪ್ಪನನ್ನು ಬೇರೆ ಆಸ್ಪತ್ರೆಗೆ ಸಾಗಿಸಬೇಕಿತ್ತೇ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ವೈದ್ಯರೂ ದಾದಿಯರೂ ಈ ವೇದಿಕೆಯಲ್ಲಿ ಇದ್ದೀರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಎರಡು ತಿಂಗಳ ಹಿಂದೆ ನನ್ನ ತಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಒಂಬತ್ತನೆಯ ದಿನ ಬೆಳಿಗ್ಗೆ ವಾಕರ್ ಹಿಡಿದು ಎದ್ದವರು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಸಾಲುತ್ತಿಲ್ಲ ಎಂದು ಮಂಚದ ಅಂಚಿನಲ್ಲಿ ಕುಸಿದು ಕುಳಿತರು. ಬೆರಳಿಗೆ ಹಾಕಿದ ಕ್ಲಿಪ್ಪಿನಲ್ಲಿ ಆಮ್ಲಜನಕ 86 ತೋರಿಸುತ್ತಿತ್ತು. ಸಿ.ಟಿ.ಯಲ್ಲಿ ಎರಡೂ ಕಡೆಯ ಶ್ವಾಸಕೋಶದ ಅಪಧಮನಿಗಳಲ್ಲಿ ಹೆಪ್ಪು ಕಾಣಿಸಿತು, ಎಕೋದಲ್ಲಿ (ಹೃದಯದ ಸ್ಕ್ಯಾನಿನಲ್ಲಿ) ಹೃದಯದ ಬಲಭಾಗ ಹಿಗ್ಗಿತ್ತು, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಕಾಣುವ ಟ್ರೋಪೋನಿನ್ ಏರಿತ್ತು. ರಕ್ತದೊತ್ತಡ ಮಾತ್ರ 100ರಿಂದ ಕೆಳಗೆ ಇಳಿಯಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಒಂಬತ್ತೇ ದಿನವಾದ್ದರಿಂದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವವಾದೀತು ಎಂದು ವೈದ್ಯರು ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಮಾತ್ರ ಆರಂಭಿಸಿದರು. ಆ ರಾತ್ರಿ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರೊಬ್ಬರು, "ಕೆಲವು ಕಡೆ ಇಂಥವರಿಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉಸಿರಿನ ಮೂಲಕ ಕೊಡುತ್ತಾರೆ, ನಮ್ಮಲ್ಲಿ ಆ ಸೌಲಭ್ಯ ಇಲ್ಲ" ಎಂದರು. ಆ ಒಂದು ಮಾತು ಹಿಡಿದುಕೊಂಡು ಮೂರು ರಾತ್ರಿ ಐಸಿಯು ಬಾಗಿಲ ಹೊರಗೆ ಕುಳಿತಿದ್ದೆ. ಅಪ್ಪ ಈಗ ಮನೆಯಲ್ಲಿದ್ದಾರೆ, ಮನೆಯೊಳಗೆ ಓಡಾಡುತ್ತಾರೆ, ಮೆಟ್ಟಿಲು ಹತ್ತಿದರೆ ಮಾತ್ರ ಏದುಸಿರು ಬರುತ್ತದೆ. ಆ ಅನಿಲ ಇರುವ ಊರಿಗೆ ಅವರನ್ನು ಸಾಗಿಸದೆ ನಾನು ತಪ್ಪು ಮಾಡಿದೆನೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹುಬ್ಬಳ್ಳಿ ಮಿತ್ರ

ತಂದೆಯವರು ಮನೆಗೆ ಬಂದಿದ್ದಾರೆಂದು ಓದಿ ಸಮಾಧಾನವಾಯಿತು. ಒಂದು ಸಂದೇಹ: ಇದು ಹಲ್ಲು ಕೀಳುವಾಗ ಕೊಡುವ ನಗೆ ಅನಿಲವೇ ಅಲ್ಲವೇ? ಅದಾದರೆ ಎಲ್ಲ ಕಡೆ ಸಿಗಬೇಕಲ್ಲ?

ಅರಿವಳಿಕೆ ವೈದ್ಯೆ, ಮೈಸೂರು

ಅಲ್ಲ, ಹೆಸರು ಹತ್ತಿರವಿದ್ದರೂ ವಸ್ತು ಬೇರೆ. ನಗೆ ಅನಿಲವೆಂದರೆ ನೈಟ್ರಸ್ ಆಕ್ಸೈಡ್, ಅದರ ಅಣುವಿನಲ್ಲಿ ಸಾರಜನಕದ ಎರಡು ಪರಮಾಣುಗಳಿವೆ, ಅದನ್ನು ನೂರಕ್ಕೆ ಐವತ್ತರ ಪ್ರಮಾಣದಲ್ಲೂ ಕೊಡುವುದುಂಟು. ನೈಟ್ರಿಕ್ ಆಕ್ಸೈಡಿನಲ್ಲಿ ಸಾರಜನಕ ಒಂದು, ಆಮ್ಲಜನಕ ಒಂದು. ಇದನ್ನು ಅಳೆಯುವುದು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸಾಮಾನ್ಯವಾಗಿ 20 ಭಾಗ. ಸಿಲಿಂಡರಿನಲ್ಲಿ ಇದು ಸಾರಜನಕದೊಂದಿಗೆ ಬೆರೆತು ಬರುತ್ತದೆ. ಆಮ್ಲಜನಕದ ಜೊತೆ ಹೆಚ್ಚು ಹೊತ್ತು ಸೇರಿದ್ದರೆ ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಆದ್ದರಿಂದ ರೋಗಿಗೆ ಹತ್ತಿರದಲ್ಲೇ ಬೆರೆಸಿ, ಎರಡೂ ಅನಿಲಗಳನ್ನು ಸದಾ ಅಳೆಯುತ್ತಾ ಕೊಡಬೇಕು. ಎಲ್ಲ ಕಡೆ ಸಿಗದಿರುವುದಕ್ಕೆ ಈ ಅಳತೆಯ ಯಂತ್ರವೇ ಮುಖ್ಯ ಕಾರಣ.

ಈಗ ತುಂಗಾತೀರ ಅವರ ಪ್ರಶ್ನೆ. ಈ ಕಾಯಿಲೆಯಲ್ಲಿ ಜೀವ ಹೋಗುವುದು ಬಲ ಹೃತ್ಕುಕ್ಷಿ ಸೋತುಹೋಗುವುದರಿಂದ. ಅದು ತೆಳುಗೋಡೆಯ ಕೋಣೆ, ಕಡಿಮೆ ಒತ್ತಡದಲ್ಲಿ ಶ್ವಾಸಕೋಶಕ್ಕೆ ರಕ್ತ ತಳ್ಳುವುದು ಅದಕ್ಕೆ ರೂಢಿ. ಕಾಲಿನ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಮೇಲೆ ಹೋಗಿ ಶ್ವಾಸಕೋಶದ ರಕ್ತನಾಳಗಳ ಮೂರನೆಯ ಒಂದು ಭಾಗದಿಂದ ಅರ್ಧದಷ್ಟನ್ನು ಮುಚ್ಚಿದರೆ ಒತ್ತಡ ಏರತೊಡಗುತ್ತದೆ. ಹಿಂದೆ ಅಂಥ ಭಾರ ಹೊತ್ತು ಅಭ್ಯಾಸವಿಲ್ಲದ ಬಲ ಹೃತ್ಕುಕ್ಷಿಗೆ ಸರಾಸರಿ 40 ಮಿ.ಮೀ. ಪಾದರಸಕ್ಕಿಂತ ಹೆಚ್ಚಿನ ಒತ್ತಡವನ್ನು ಹುಟ್ಟಿಸುವ ಶಕ್ತಿಯೇ ಇಲ್ಲ. ಅದು ಹಿಗ್ಗುತ್ತದೆ, ನಡುಗೋಡೆಯನ್ನು ಎಡಕ್ಕೆ ತಳ್ಳುತ್ತದೆ, ಎಡಭಾಗಕ್ಕೆ ತುಂಬಲು ರಕ್ತ ಸಾಲದೆ ಇಡೀ ದೇಹದ ರಕ್ತದೊತ್ತಡ ಕುಸಿಯುತ್ತದೆ.

ಈ ಒತ್ತಡಕ್ಕೆ ಹೆಪ್ಪು ಒಂದೇ ಕಾರಣವಲ್ಲ. ಹೆಪ್ಪಿನಲ್ಲಿರುವ ಪ್ಲೇಟ್‌ಲೆಟ್‌ಗಳು ಸೆರೋಟೋನಿನ್, ಥ್ರಾಂಬಾಕ್ಸೇನ್ ಎಂಬ ವಸ್ತುಗಳನ್ನು ಬಿಡುತ್ತವೆ. ಅವುಗಳಿಂದ ಹೆಪ್ಪು ಮುಚ್ಚದೆ ಉಳಿದ ರಕ್ತನಾಳಗಳೂ ಬಿಗಿಯುತ್ತವೆ. ನೈಟ್ರಿಕ್ ಆಕ್ಸೈಡ್ ಸಡಿಲಿಸುವುದು ಈ ಬಿಗಿತವನ್ನು ಮಾತ್ರ, ಹೆಪ್ಪನ್ನು ಅದು ಒಂದು ಚೂರೂ ಕರಗಿಸುವುದಿಲ್ಲ. ನಿಮ್ಮ ಕಿರಿಯ ವೈದ್ಯರು ಆ ರಾತ್ರಿ ಇಷ್ಟನ್ನೂ ಸೇರಿಸಿ ಹೇಳಿದ್ದರೆ ನಿಮ್ಮ ಮನಸ್ಸಿನ ಭಾರ ಅರ್ಧ ಇಳಿಯುತ್ತಿತ್ತು.

ಹುಬ್ಬಳ್ಳಿ ಮಿತ್ರ

ತಿದ್ದಿದ್ದಕ್ಕೆ ಧನ್ಯವಾದ, ಮೇಡಂ. ಆದರೆ ರಕ್ತನಾಳ ಸಡಿಲಿಸುವುದಕ್ಕೆ ಅನಿಲವೇ ಏಕೆ ಬೇಕು? ನಾಲಿಗೆಯಡಿ ಇಡುವ ಮಾತ್ರೆಗಳೇ ಇವೆಯಲ್ಲ?

ಅರಿವಳಿಕೆ ವೈದ್ಯೆ, ಮೈಸೂರು

ಒಳ್ಳೆಯ ಪ್ರಶ್ನೆ. ನಾಲಿಗೆಯಡಿಯ ಮಾತ್ರೆ ಇಡೀ ದೇಹದ ರಕ್ತನಾಳಗಳನ್ನು ಸಡಿಲಿಸುತ್ತದೆ. ಬಲ ಹೃತ್ಕುಕ್ಷಿಯ ಸ್ನಾಯುವಿಗೇ ರಕ್ತ ಸಿಗಬೇಕಾದರೆ ದೇಹದ ರಕ್ತದೊತ್ತಡ ಉಳಿದಿರಬೇಕು. ಅದು ಬಿದ್ದರೆ ದಣಿದ ಎತ್ತಿಗೆ ಮೇವನ್ನೂ ತಪ್ಪಿಸಿದ ಹಾಗೆ. ಡೆನ್ಮಾರ್ಕಿನಲ್ಲಿ ಈ ಕಾಯಿಲೆಯವರಿಗೆ ಸಿಲ್ಡೆನಾಫಿಲ್ ಮಾತ್ರೆ ಕೊಟ್ಟು ನೋಡಿದಾಗ ದೇಹದ ರಕ್ತದೊತ್ತಡ ಇಳಿಯಿತೇ ಹೊರತು ಹೃದಯ ಹೊರಹಾಕುವ ರಕ್ತದ ಪ್ರಮಾಣ ಹೆಚ್ಚಲಿಲ್ಲ.

ಉಸಿರಿನ ಜೊತೆ ಒಳಹೋದ ನೈಟ್ರಿಕ್ ಆಕ್ಸೈಡ್ ಗಾಳಿ ತಲುಪುವ ಗೂಡುಗಳ ಪಕ್ಕದ ರಕ್ತನಾಳಗಳನ್ನಷ್ಟೇ ಸಡಿಲಿಸುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿದ ಕೆಲವೇ ಸೆಕೆಂಡುಗಳಲ್ಲಿ ಹಿಮೋಗ್ಲೋಬಿನ್ ಅದನ್ನು ಹಿಡಿದುಹಾಕುತ್ತದೆ. ದೇಹದ ಉಳಿದ ಭಾಗಕ್ಕೆ ಅದರ ಸುಳಿವೂ ಸಿಗುವುದಿಲ್ಲ.

ರಸಾಯನ ಮೇಷ್ಟ್ರು, ಧಾರವಾಡ

ಸ್ವಲ್ಪ ಹಿಂದಕ್ಕೆ ಹೋಗಲು ಅನುಮತಿ ಕೊಡಿ. ರಕ್ತನಾಳದ ಒಳಪದರವೇ ಯಾವುದೋ ಸಡಿಲಕಾರಕವನ್ನು ಬಿಡುತ್ತದೆ ಎಂದು ರಾಬರ್ಟ್ ಫರ್ಚ್‌ಗಾಟ್ ತೋರಿಸಿದ್ದು 1980ರಲ್ಲಿ. ಅದು ನೈಟ್ರಿಕ್ ಆಕ್ಸೈಡೇ ಎಂದು ಗೊತ್ತಾಗಲು 1987 ಬರಬೇಕಾಯಿತು. ಅಲ್ಲಿಯವರೆಗೆ ಇದು ವಾಹನದ ಹೊಗೆಯಲ್ಲಿರುವ ಮಾಲಿನ್ಯಕಾರಕ ಎಂದಷ್ಟೇ ನಾವು ಮಕ್ಕಳಿಗೆ ಕಲಿಸುತ್ತಿದ್ದೆವು. 1998ರ ವೈದ್ಯಕೀಯ ನೊಬೆಲ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ, ಫೆರಿದ್ ಮುರಾದ್ ಈ ಮೂವರಿಗೆ ಬಂತು. ಹೃದಯದ ನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಕೆಲಸ ಮಾಡುವುದೂ ದೇಹದಲ್ಲಿ ಇದೇ ಅನಿಲವನ್ನು ಬಿಡುಗಡೆ ಮಾಡಿ. ಅದನ್ನು ಡೈನಮೈಟಿಗೆ ಬಳಸಿದ ಆಲ್‌ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ವೈದ್ಯರು ನೈಟ್ರೋಗ್ಲಿಸರಿನ್ ಬರೆದುಕೊಟ್ಟಿದ್ದರು.

ಇಂಡಿಯಾನಾ ಕನ್ನಡಿಗ

ಮೇಷ್ಟ್ರೇ, ಚೆನ್ನಾಗಿ ನೆನಪಿಸಿದಿರಿ. ನಾನು ಅಮೆರಿಕದಲ್ಲಿ ಉಸಿರಾಟ ಚಿಕಿತ್ಸಕನಾಗಿ ಕೆಲಸ ಮಾಡುತ್ತೇನೆ, ಈ ಯಂತ್ರ ನನ್ನ ಕೈಗೆ ಪ್ರತಿ ವಾರ ಬರುತ್ತದೆ. ಇಲ್ಲಿ 1999ರ ಕೊನೆಯಲ್ಲಿ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಅನಿಲಕ್ಕೆ ಒಪ್ಪಿಗೆ ಕೊಟ್ಟದ್ದು ನವಜಾತ ಶಿಶುಗಳ ಉಸಿರಾಟ ವೈಫಲ್ಯಕ್ಕಾಗಿ. ದೊಡ್ಡವರ ಪಲ್ಮನರಿ ಎಂಬಾಲಿಸಂಗೆ, ಅಂದರೆ ಶ್ವಾಸಕೋಶಕ್ಕೆ ಹೆಪ್ಪು ಹೋಗುವ ಈ ಕಾಯಿಲೆಗೆ, ಕೊಡುವುದು ಆ ಒಪ್ಪಿಗೆಯ ಆಚೆಗಿನ ಬಳಕೆ, ಆದರೂ ಕೊಡುತ್ತಾರೆ.

ಇದಕ್ಕೆಂದೇ ನಡೆದ ಮುಖ್ಯ ಪರೀಕ್ಷೆಯ ಹೆಸರು ಐನೋಪ್. ಆಗ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ತುರ್ತುಚಿಕಿತ್ಸಾ ವೈದ್ಯ ಜೆಫ್ರಿ ಕ್ಲೈನ್ ಅದರ ಮುಂದಾಳು, ಫಲಿತಾಂಶ ಪ್ರಕಟವಾದದ್ದು 2019ರಲ್ಲಿ. ತುಂಗಾತೀರ ಅವರ ತಂದೆಯಂಥವರೇ ಅದರಲ್ಲಿದ್ದರು: ರಕ್ತದೊತ್ತಡ ಉಳಿದಿದೆ, ಬಲ ಹೃತ್ಕುಕ್ಷಿ ಮಾತ್ರ ಬಳಲಿದೆ. ಒಟ್ಟು 76 ಮಂದಿ. 38 ಮಂದಿಗೆ ಮೂಗಿನ ನಳಿಕೆಯ ಮೂಲಕ ಆಮ್ಲಜನಕದೊಂದಿಗೆ 50 ಪಿಪಿಎಂ ನೈಟ್ರಿಕ್ ಆಕ್ಸೈಡನ್ನು 24 ಗಂಟೆ ಕೊಟ್ಟರು, ಉಳಿದ 38 ಮಂದಿಗೆ ಆ ಅನಿಲವಿಲ್ಲದೆ ಆಮ್ಲಜನಕ. ಒಂದು ದಿನದ ನಂತರ ಎಕೋದಲ್ಲಿ ಬಲ ಹೃತ್ಕುಕ್ಷಿ ಸಹಜ ಸ್ಥಿತಿಗೆ ಬಂದು, ಟ್ರೋಪೋನಿನ್ ಕೂಡ ಸಹಜವಾದವರು ಎಷ್ಟು ಎಂದು ಎಣಿಸಿದರು. ಅನಿಲ ಪಡೆದವರಲ್ಲಿ ಶೇ. 24, ಪಡೆಯದವರಲ್ಲಿ ಶೇ. 13.

ಸುಮಾರು ಎರಡು ಪಟ್ಟು! ಇಷ್ಟಿದ್ದೂ ನಮ್ಮ ಊರುಗಳಲ್ಲಿ ಈ ಹೆಸರೇ ಕೇಳದಿರುವುದು ನನಗೆ ಬೇಸರದ ಸಂಗತಿ.

ಅಂಕಿಅಂಶ, ಬೆಂಗಳೂರು

ಸರ್, ಶೇಕಡಾವಾರು ಬಿಟ್ಟು ತಲೆ ಎಣಿಸಿ. 38ರಲ್ಲಿ 9 ಮಂದಿ ಒಂದು ಕಡೆ, 38ರಲ್ಲಿ 5 ಮಂದಿ ಇನ್ನೊಂದು ಕಡೆ. ನಾಲ್ಕೇ ಮಂದಿಯ ವ್ಯತ್ಯಾಸ. ಇಬ್ಬರು ಈ ಕಡೆಯಿಂದ ಆ ಕಡೆಗೆ ಹೋಗಿದ್ದರೆ ಎರಡೂ ಸಮವಾಗಿಬಿಡುತ್ತಿದ್ದವು. ಆ ಪರೀಕ್ಷೆಯವರೇ ಕೊಟ್ಟ ಪಿ ಮೌಲ್ಯ 0.375, ಅಂದರೆ ಅನಿಲದಿಂದ ಏನೂ ಆಗದಿದ್ದರೂ ಇಂಥ ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿಯೇ ನೂರರಲ್ಲಿ ಮೂವತ್ತೇಳು ಸಲ ಕಾಣಿಸೀತು. ಅದನ್ನು "ಎರಡು ಪಟ್ಟು" ಎಂದು ಬರೆದರೆ, ಐಸಿಯು ಬಾಗಿಲಲ್ಲಿ ಕುಳಿತ ಮಗಳೊಬ್ಬಳು ಅದನ್ನು ಓದಿ ಜೀವನಪೂರ್ತಿ ಕೊರಗುತ್ತಾಳೆ. ದಯವಿಟ್ಟು ಹಾಗೆ ಬರೆಯಬೇಡಿ.

ಇಂಡಿಯಾನಾ ಕನ್ನಡಿಗ

ಒಪ್ಪುತ್ತೇನೆ, ಆ ಪದ ನಾನು ಬಳಸಬಾರದಿತ್ತು, ತುಂಗಾತೀರ ಅವರು ಕ್ಷಮಿಸಬೇಕು. ಆದರೆ ಪರೀಕ್ಷೆ ವಿಫಲವಾಯಿತು ಎಂದು ಅಲ್ಲಿಗೇ ಮುಚ್ಚಿಡುವುದನ್ನೂ ನಾನು ಒಪ್ಪುವುದಿಲ್ಲ. ಟ್ರೋಪೋನಿನ್ ಬಿಟ್ಟು ಎಕೋ ಒಂದನ್ನೇ ನೋಡಿದಾಗ, ಬಲ ಹೃತ್ಕುಕ್ಷಿಯ ಹಿಗ್ಗುವಿಕೆ ಮತ್ತು ಬಡಿತದ ಬಲ ಅನಿಲ ಪಡೆದವರಲ್ಲಿ ಹೆಚ್ಚು ಸುಧಾರಿಸಿತ್ತು. ಟ್ರೋಪೋನಿನ್ ಎಂಬುದು ಈಗಾಗಲೇ ಪೆಟ್ಟು ತಿಂದ ಸ್ನಾಯುವಿನಿಂದ ಸೋರಿದ ವಸ್ತು, ಅನಿಲ ಎಷ್ಟೇ ಒಳ್ಳೆಯದು ಮಾಡಿದರೂ ಒಂದೇ ದಿನದಲ್ಲಿ ಅದು ತೊಳೆದುಹೋಗಬೇಕೆಂದು ನಿರೀಕ್ಷಿಸಿದ್ದೇ ಕಠಿಣವಾಯಿತು ಎಂದು ನನ್ನ ಅನಿಸಿಕೆ.

ಅಂಕಿಅಂಶ, ಬೆಂಗಳೂರು

ಓಟ ಮುಗಿದ ಮೇಲೆ ಗೆರೆಯನ್ನು ಹಿಂದಕ್ಕೆ ಎಳೆಯಬಾರದು ಎಂಬುದಷ್ಟೇ ನನ್ನ ವಾದ. ಎಕೋ ಸುಧಾರಣೆ ಮುಂದಿನ ದೊಡ್ಡ ಪರೀಕ್ಷೆಗೆ ಒಳ್ಳೆಯ ಕಾರಣವಾಗಬಹುದು, ಚಿಕಿತ್ಸೆಗೆ ಪುರಾವೆಯಾಗಲಾರದು.

ಹೃದಯತಜ್ಞ, ಬೆಂಗಳೂರು

ಇಬ್ಬರ ಮಾತಿನಲ್ಲೂ ಹುರುಳಿದೆ. ಎಕೋ ಚಂದ ಕಂಡಿತು ಎಂದರೆ ರೋಗಿ ಬದುಕಿದ ಎಂದಾಗುವುದಿಲ್ಲ. ಎಆರ್‌ಡಿಎಸ್ ಎಂಬ ಶ್ವಾಸಕೋಶ ವೈಫಲ್ಯದಲ್ಲಿ ಇದೇ ಅನಿಲ ಕೊಟ್ಟು ಹಲವಾರು ಪರೀಕ್ಷೆಗಳಾದವು. ಮೊದಲ ದಿನ ಆಮ್ಲಜನಕದ ಅಂಕಿ ಏರಿತು, ಆದರೆ ಸಾವಿನ ಸಂಖ್ಯೆ ತಗ್ಗಲಿಲ್ಲ, ಮೂತ್ರಪಿಂಡಕ್ಕೆ ತೊಂದರೆಯಾದವರು ಹೆಚ್ಚಾದರು. ಮಾನಿಟರಿನ ಅಂಕಿ ನಮ್ಮನ್ನು ಬಹಳ ಬೇಗ ಸಮಾಧಾನಪಡಿಸಿಬಿಡುತ್ತದೆ.

ಇನ್ನು ಹೆಪ್ಪು ಕರಗಿಸುವ ಔಷಧದ ವಿಷಯ. ಅದನ್ನು ಕೊಡಲಿಲ್ಲವೆಂದು ತುಂಗಾತೀರ ಅವರಿಗೆ ಒಳಗೊಳಗೆ ಕೊರಗಿದ್ದರೆ ಇದನ್ನು ಓದಬೇಕು. ರಕ್ತದೊತ್ತಡ ಕುಸಿಯದೆ ಬಲ ಹೃತ್ಕುಕ್ಷಿ ಬಳಲಿದ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದ ಪೈಥೋ ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ಹೆಪಾರಿನ್ ಜೊತೆ ಟೆನೆಕ್ಟೆಪ್ಲೇಸ್ ಎಂಬ ಕರಗಿಸುವ ಔಷಧ ಕೊಟ್ಟವರಲ್ಲಿ ಸಾವು ಅಥವಾ ರಕ್ತಪರಿಚಲನೆಯ ಕುಸಿತ ಶೇ. 2.6, ಹೆಪಾರಿನ್ ಮಾತ್ರ ಪಡೆದವರಲ್ಲಿ ಶೇ. 5.6. ಲಾಭ ನಿಜ. ಆದರೆ ಪಾರ್ಶ್ವವಾಯು ಒಂದು ಕಡೆ ಶೇ. 2.4, ಇನ್ನೊಂದು ಕಡೆ ಶೇ. 0.2, ಅದರಲ್ಲೂ ಹೆಚ್ಚಿನವು ಮೆದುಳಿನ ರಕ್ತಸ್ರಾವದಿಂದ ಆದವು. ಒಂಬತ್ತು ದಿನದ ಹಿಂದೆ ಸೊಂಟದ ಶಸ್ತ್ರಚಿಕಿತ್ಸೆಯಾದ ಹಿರಿಯರಿಗೆ, ರಕ್ತದೊತ್ತಡ ಉಳಿದಿರುವಾಗ ನಾನೂ ಅದನ್ನು ಕೊಡುತ್ತಿರಲಿಲ್ಲ. ಹೆಪಾರಿನ್ ಕೊಟ್ಟು ಐಸಿಯುದಲ್ಲಿ ಕಣ್ಣಿಟ್ಟು ಕಾಯುವುದು ಇಂಥಲ್ಲಿ ಸರಿಯಾದ ಚಿಕಿತ್ಸೆಯೇ.

ಔಷಧ ಕೊಡಲಾಗದು, ಬಲ ಹೃತ್ಕುಕ್ಷಿ ಗಂಟೆಗಂಟೆಗೂ ಸೋಲುತ್ತಿದೆ, ಕ್ಯಾತಿಟರ್ ಮೂಲಕ ಹೆಪ್ಪು ಎಳೆಯುವ ತಂಡ ಬರಲು ಮೂರು ಗಂಟೆ ಬೇಕು ಎಂಬಂಥ ಸಂದರ್ಭದಲ್ಲಿ ಮಾತ್ರ ಈ ಅನಿಲಕ್ಕೆ ನನ್ನ ಮನಸ್ಸಿನಲ್ಲಿ ಸ್ಥಾನವಿದೆ. ಆ ಮೂರು ಗಂಟೆಯನ್ನು ಅದು ದಾಟಿಸಿಕೊಟ್ಟರೆ ಸಾಕು.

ತುಂಗಾತೀರ, ಶಿವಮೊಗ್ಗ

ಓದಿ ಕಣ್ಣು ತುಂಬಿತು, ಡಾಕ್ಟರೇ. ಕರಗಿಸುವ ಇಂಜೆಕ್ಷನ್ ಕೊಡಲು ಇನ್ನೊಂದು ಕಡೆ ಒಪ್ಪುತ್ತಿದ್ದರೇನೋ ಎಂಬ ಪ್ರಶ್ನೆ ಅನಿಲದ ಪ್ರಶ್ನೆಗಿಂತ ಹೆಚ್ಚು ಕಾಡುತ್ತಿತ್ತು, ಅದನ್ನು ಇಲ್ಲಿ ಬರೆಯಲು ಧೈರ್ಯ ಬಂದಿರಲಿಲ್ಲ.

ತಾಲ್ಲೂಕು ವೈದ್ಯ, ರಾಯಚೂರು ಕಡೆ

ನನ್ನ ಮಾತು ಒರಟಾಗಿ ಕೇಳಿಸಬಹುದು. ಈ ಇಡೀ ಚರ್ಚೆ ದೊಡ್ಡ ಊರಿನದು. ನನ್ನಲ್ಲಿಗೆ ಬರುವ ರೋಗಿಗೆ ರಾತ್ರಿ ಸಿ.ಟಿ. ಮಾಡಿಸಬೇಕಾದರೆ ಎರಡು ತಾಸು ಆಂಬುಲೆನ್ಸ್ ಪ್ರಯಾಣ. ಅಂಥಲ್ಲಿ ಜೀವ ಉಳಿಯುವುದು ಮೂರು ಸಣ್ಣ ಕೆಲಸಗಳಿಂದ: ಕಾಯಿಲೆಯ ಅನುಮಾನ ಬಂದ ಕೂಡಲೇ, ರಕ್ತಸ್ರಾವದ ಭಯ ಇಲ್ಲದಿದ್ದರೆ, ಹೆಪಾರಿನ್ ಚುಚ್ಚಬೇಕು. ಒತ್ತಡ ಕಡಿಮೆಯಾಯಿತೆಂದು ಸಲೈನ್ ಬಾಟಲಿ ಮೇಲೆ ಬಾಟಲಿ ಏರಿಸಬಾರದು. ಅವಸರದಲ್ಲಿ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಸೇರಿಸಬಾರದು.

ಎರಡನೆಯದನ್ನು ನಾನು ಕಣ್ಣಾರೆ ಕಂಡು ಕಲಿತೆ. ತರಬೇತಿಯ ದಿನಗಳಲ್ಲಿ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಹತ್ತು ದಿನವಾಗಿದ್ದ ಹೆಣ್ಣುಮಗಳನ್ನು ಕರೆತಂದರು. ಒಂದು ಕಾಲು ಊದಿತ್ತು, ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬಿದ್ದವು, ಒತ್ತಡ 84. ನಿರ್ಜಲೀಕರಣವೆಂದು ತಿಳಿದು ಒಂದೂವರೆ ಲೀಟರ್ ಸಲೈನ್ ಏರಿಸಿದೆವು. ಪ್ರತಿ ಬಾಟಲಿಗೂ ಒತ್ತಡ ಇನ್ನಷ್ಟು ಇಳಿಯಿತು. ಮೊದಲೇ ಹಿಗ್ಗಿದ ಬಲ ಹೃತ್ಕುಕ್ಷಿಗೆ ನಾವು ಇನ್ನೂ ನೀರು ತುಂಬುತ್ತಿದ್ದೆವು. ಕುತ್ತಿಗೆಯ ನರ ನೋಡಿದ್ದರೆ ಸಾಕಿತ್ತು, ಯಾರೂ ನೋಡಲಿಲ್ಲ. ಆಕೆ ಉಳಿಯಲಿಲ್ಲ. ಅದಕ್ಕೇ ಕೇಳುತ್ತೇನೆ, ಇಷ್ಟನ್ನೇ ನಾವು ಎಲ್ಲ ಕಡೆ ಸರಿಯಾಗಿ ಮಾಡದಿರುವಾಗ ಪಿಪಿಎಂ ಲೆಕ್ಕದ ಅನಿಲಕ್ಕೆ ಏಕೆ ಇಷ್ಟು ಹಂಬಲ?

ಅರಿವಳಿಕೆ ವೈದ್ಯೆ, ಮೈಸೂರು

ನಿಮ್ಮ ಮೂರೂ ಮಾತಿಗೆ ನನ್ನ ಸಹಿ ಇದೆ. ಮೂರನೆಯದಕ್ಕೆ ಕಾರಣವನ್ನೂ ಸೇರಿಸುತ್ತೇನೆ: ಅರಿವಳಿಕೆ ಔಷಧ ರಕ್ತದೊತ್ತಡ ಇಳಿಸುತ್ತದೆ, ವೆಂಟಿಲೇಟರ್ ಎದೆಯೊಳಗಿನ ಒತ್ತಡ ಏರಿಸಿ ಬಲ ಹೃತ್ಕುಕ್ಷಿಯ ಭಾರ ಹೆಚ್ಚಿಸುತ್ತದೆ, ಎರಡೂ ಒಟ್ಟಿಗೆ ಆದಾಗ ಹೃದಯ ಅಲ್ಲೇ ನಿಲ್ಲುವುದುಂಟು. ನೈಟ್ರಿಕ್ ಆಕ್ಸೈಡಿನ ಬಗ್ಗೆ ನನಗೆ ಗೌರವ ಇರುವುದೂ ಇಲ್ಲಿಯೇ. ಕೊಳವೆ ಹಾಕದೆ, ರೋಗಿ ಎಚ್ಚರವಾಗಿ ತಾನೇ ಉಸಿರಾಡುತ್ತಿರುವಾಗಲೇ ಅದನ್ನು ಮೂಗಿನ ನಳಿಕೆಯಿಂದ ಕೊಡಬಹುದು. ರಕ್ತಸ್ರಾವದ ಭಯವೂ ಕರಗಿಸುವ ಔಷಧದಂತೆ ಇಲ್ಲ.

ಇನ್ನೊಂದು ವಿಷಯವನ್ನು ಯಾರೂ ಎತ್ತಿಲ್ಲ. ಹೃದಯದ ಮೇಲ್ಕೋಣೆಗಳ ನಡುವೆ, ಭ್ರೂಣದಲ್ಲಿದ್ದ ಸಣ್ಣ ಕಂಡಿ ದೊಡ್ಡವರಾದ ಮೇಲೂ ಪೂರ್ತಿ ಮುಚ್ಚದೆ ಉಳಿದವರು ಸುಮಾರು ನಾಲ್ವರಲ್ಲಿ ಒಬ್ಬರು. ಸಾಮಾನ್ಯ ದಿನಗಳಲ್ಲಿ ಅದರಿಂದ ತೊಂದರೆಯಿಲ್ಲ. ಹೆಪ್ಪಿನಿಂದಾಗಿ ಬಲಭಾಗದ ಒತ್ತಡ ಏರಿದಾಗ ಆ ಕಂಡಿ ತೆರೆದು, ಆಮ್ಲಜನಕವಿಲ್ಲದ ರಕ್ತ ನೇರವಾಗಿ ಎಡಕ್ಕೆ ನುಗ್ಗುತ್ತದೆ. ಎಷ್ಟು ಆಮ್ಲಜನಕ ಕೊಟ್ಟರೂ ಅಂಕಿ ಏರುವುದಿಲ್ಲ, ಹೆಪ್ಪಿನ ಚೂರು ಮೆದುಳಿಗೆ ಹೋಗುವ ಅಪಾಯವೂ ಇದೆ. ಅಂಥವರಲ್ಲಿ ಶ್ವಾಸಕೋಶದ ಒತ್ತಡ ಸ್ವಲ್ಪ ಇಳಿದರೂ ಕಂಡಿಯ ಮೂಲಕ ಹರಿಯುವ ರಕ್ತ ತಗ್ಗುತ್ತದೆ. ನೈಟ್ರಿಕ್ ಆಕ್ಸೈಡಿಗೆ ನಾನು ಮೊದಲು ಆರಿಸುವುದು ಇಂಥ ರೋಗಿಯನ್ನು.

ಕರಾವಳಿ ಸಿಸ್ಟರ್, ಮಂಗಳೂರು

ನಾನು ನವಜಾತ ಶಿಶುಗಳ ಐಸಿಯುದಲ್ಲಿಯೂ, ಆಮೇಲೆ ಹೃದಯ ಶಸ್ತ್ರಚಿಕಿತ್ಸೆಯ ಐಸಿಯುದಲ್ಲಿಯೂ ಸೇರಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಕೊಡುವುದರ ಬಗ್ಗೆ ಎಲ್ಲರೂ ಬರೆದಿರಿ, ನಿಲ್ಲಿಸುವುದರ ಬಗ್ಗೆ ಯಾರೂ ಬರೆದಿಲ್ಲ. ದಾದಿಯರಿಗೆ ನಿದ್ದೆಗೆಡಿಸುವುದು ಅದೇ.

ಹೊರಗಿನಿಂದ ಈ ಅನಿಲ ಸಿಗುತ್ತಿರುವಾಗ ದೇಹ ತನ್ನದೇ ತಯಾರಿಯನ್ನು ತಗ್ಗಿಸಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತನಾಳಗಳು ಮೊದಲಿಗಿಂತ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಒಮ್ಮೆ ರಾತ್ರಿಪಾಳಿಯಲ್ಲಿ ಸಿಲಿಂಡರ್ ಬದಲಿಸುವಾಗ ಹೊಸ ಸಿಲಿಂಡರಿನ ಕೀಲಿ ಕೂರಲಿಲ್ಲ. ಹಳೆಯದು ಖಾಲಿ. ಎರಡು ನಿಮಿಷದೊಳಗೆ ರೋಗಿಯ ಆಮ್ಲಜನಕ 94ರಿಂದ 71ಕ್ಕೆ ಇಳಿಯಿತು, ತುಟಿ ನೇರಳೆಯಾಯಿತು. ಇನ್ನೊಬ್ಬ ಸಿಸ್ಟರ್ ಸ್ಪ್ಯಾನರ್ ತಂದು ಕೂರಿಸುವ ತನಕ ನನ್ನ ಕೈ ನಡುಗುತ್ತಿತ್ತು. ಅಂದಿನಿಂದ ಎರಡನೆಯ ಸಿಲಿಂಡರನ್ನು ಮೊದಲೇ ಜೋಡಿಸಿ, ತೆರೆದು ನೋಡಿ, ಮುಚ್ಚಿ ಇಡದೆ ನಾನು ಪಾಳಿ ಶುರುಮಾಡುವುದಿಲ್ಲ. 20ರಿಂದ 10, 10ರಿಂದ 5, ಅಲ್ಲಿಂದ ಕೆಳಗೆ ಒಂದೊಂದೇ ಪಿಪಿಎಂ, ಪ್ರತಿ ಹೆಜ್ಜೆಯಲ್ಲೂ ನಿಂತು ನೋಡಿ ಇಳಿಸುತ್ತೇವೆ.

ಇನ್ನೊಂದು, ಮೀಥೆಮೊಗ್ಲೋಬಿನ್. ಅನಿಲವನ್ನು ಹಿಡಿದ ಹಿಮೋಗ್ಲೋಬಿನ್‌ನಲ್ಲಿ ಒಂದು ಪಾಲು ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗುತ್ತದೆ. ಅದು ಹೆಚ್ಚಾದರೆ ಸಿರಿಂಜಿಗೆ ಎಳೆದ ರಕ್ತ ಚಾಕೊಲೇಟಿನ ಬಣ್ಣಕ್ಕೆ ಇರುತ್ತದೆ. ಬೆರಳಿನ ಕ್ಲಿಪ್ ಅದನ್ನು ಸರಿಯಾಗಿ ಅಳೆಯಲಾರದು, ಬ್ಲಡ್ ಗ್ಯಾಸ್ ಯಂತ್ರದಲ್ಲೇ ನೋಡಬೇಕು. ತುಂಗಾತೀರ ಅಕ್ಕ, ತಂದೆಯವರನ್ನು ಆಂಬುಲೆನ್ಸಿನಲ್ಲಿ ಐದಾರು ತಾಸು ಸಾಗಿಸಿ ಈ ಅನಿಲದ ಬಾಗಿಲು ಮುಟ್ಟಿಸುವುದಕ್ಕಿಂತ, ಇದ್ದಲ್ಲೇ ಹೆಪಾರಿನ್ ಓಡುತ್ತಾ ಮಲಗಿಸಿದ್ದು ನನ್ನ ದೃಷ್ಟಿಯಲ್ಲಿ ಹೆಚ್ಚು ಸುರಕ್ಷಿತ. ದಾರಿಯಲ್ಲಿ ಕುಸಿದಿದ್ದರೆ ಹಿಡಿಯಲು ಯಾರಿರುತ್ತಿದ್ದರು?

ಇಂಡಿಯಾನಾ ಕನ್ನಡಿಗ

ಸಿಸ್ಟರ್ ಹೇಳಿದ ಪ್ರತಿಯೊಂದು ಮಾತೂ ನಿಜ. ಒಂದನ್ನು ಸೇರಿಸಬೇಕು: ಎಡ ಹೃತ್ಕುಕ್ಷಿ ಮೊದಲೇ ಸೋತವರಿಗೆ ಈ ಅನಿಲ ಕೊಟ್ಟರೆ ಶ್ವಾಸಕೋಶದಿಂದ ನುಗ್ಗಿಬಂದ ರಕ್ತವನ್ನು ಎಡಭಾಗ ತಾಳಿಕೊಳ್ಳಲಾರದೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಎಕೋದಲ್ಲಿ ಎಡಭಾಗವನ್ನೂ ನೋಡಿದ ಮೇಲೆಯೇ ನಾವು ಹಚ್ಚುವುದು. ಬೆಲೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು, ಗಂಟೆಗೆ ನೂರು ಡಾಲರಿಗೂ ಹೆಚ್ಚು ವಸೂಲಾದ ಕಾಲವಿತ್ತು. ಆದ್ದರಿಂದಲೇ ಹಲವು ಕಡೆ ರಕ್ತನಾಳ ಸಡಿಲಿಸುವ ಎಪೋಪ್ರೋಸ್ಟೆನಾಲ್ ಎಂಬ ಔಷಧವನ್ನು ನೆಬ್ಯುಲೈಜರಿನಲ್ಲಿ ಕೊಡುತ್ತಾರೆ.

ತಾಲ್ಲೂಕು ವೈದ್ಯ, ರಾಯಚೂರು ಕಡೆ

ಹಾಗಾದರೆ ನನ್ನ ಪ್ರಶ್ನೆಗೆ ನೀವೇ ಉತ್ತರ ಕೊಟ್ಟಂತಾಯಿತು. ಪರೀಕ್ಷೆಯಲ್ಲಿ ರುಜುವಾತಾಗಿಲ್ಲ, ಬೆಲೆ ಹೆಚ್ಚು, ನಿಲ್ಲಿಸಿದರೆ ಅಪಾಯ.

ಇಂಡಿಯಾನಾ ಕನ್ನಡಿಗ

ಇಲ್ಲ ಸರ್, ಅಷ್ಟಕ್ಕೇ ನಿಲ್ಲಿಸಬೇಡಿ. ಐನೋಪ್‌ನಲ್ಲಿದ್ದವರು ರಕ್ತದೊತ್ತಡ ಕುಸಿದು ಆಘಾತ ಸ್ಥಿತಿಗೆ ಇಳಿಯದವರು, ಅವರಲ್ಲಿ ಬಹುಪಾಲು ಜನ ಹೆಪಾರಿನ್ ಒಂದರಲ್ಲೇ ಚೇತರಿಸಿಕೊಳ್ಳುವಂಥವರು. ಅಲ್ಲಿ ವ್ಯತ್ಯಾಸ ತೋರಿಸುವುದು ಯಾವ ಚಿಕಿತ್ಸೆಗೂ ಕಷ್ಟ. ನಿಜಕ್ಕೂ ಕುಸಿಯುತ್ತಿರುವವರ ಮೇಲೆ ಈ ಅನಿಲದ ದೊಡ್ಡ ಪರೀಕ್ಷೆ ಆಗಿಲ್ಲ, ಅವರ ಬಗ್ಗೆ ಇರುವುದು ಒಬ್ಬೊಬ್ಬ ರೋಗಿಯ ವರದಿಗಳು ಮತ್ತು ಸಣ್ಣ ಗುಂಪುಗಳ ಅನುಭವ. ಅದರಲ್ಲಿ ಚೇತರಿಸಿಕೊಂಡವರ ಕಥೆಗಳೇ ಅಚ್ಚಾಗುತ್ತವೆ ಎಂಬುದೂ ನನಗೆ ಗೊತ್ತು. ಆದರೆ ಹಾಸಿಗೆಯ ಪಕ್ಕ ನಿಂತು ನಾನು ಕಂಡ ಒಬ್ಬರ ಬಗ್ಗೆ ಹೇಳಲೇಬೇಕು. ರಕ್ತದೊತ್ತಡ ಎತ್ತಿಹಿಡಿಯುವ ನೋರ್‌ಅಡ್ರಿನಲಿನ್ ಔಷಧವನ್ನು ಏರಿಸುತ್ತಲೇ ಇದ್ದೆವು, ಹೆಪ್ಪು ಎಳೆಯುವ ತಂಡ ಇನ್ನೂ ದಾರಿಯಲ್ಲಿತ್ತು. 20 ಪಿಪಿಎಂ ಹಚ್ಚಿದ ಹತ್ತು ನಿಮಿಷದಲ್ಲಿ ನೋರ್‌ಅಡ್ರಿನಲಿನ್ ಅರ್ಧಕ್ಕೆ ಇಳಿಸುವಷ್ಟು ಒತ್ತಡ ನಿಂತಿತು. ಅದು ಅನಿಲದಿಂದಲೇ ಎಂದು ಪ್ರಮಾಣ ಮಾಡಲಾರೆ. ಅವರು ಕ್ಯಾತಿಟರ್ ಕೋಣೆಯವರೆಗೆ ಜೀವಂತ ಹೋದರು, ಒಂದು ವಾರದ ನಂತರ ನಡೆದುಕೊಂಡು ಮನೆಗೆ ಹೋದರು.

ಹೃದಯತಜ್ಞ, ಬೆಂಗಳೂರು

ಈ ಮಾತಿಗೆ ನನ್ನ ವಿರೋಧವಿಲ್ಲ. 2019ರ ಯುರೋಪಿಯನ್ ಹೃದ್ರೋಗ ಸಂಘದ ಮಾರ್ಗಸೂಚಿಯೂ, ಈ ಅನಿಲ ರಕ್ತಪರಿಚಲನೆಯನ್ನೂ ಆಮ್ಲಜನಕವನ್ನೂ ಸುಧಾರಿಸಬಹುದು ಎಂಬರ್ಥದ ಮಾತಿಗೆ ನಿಲ್ಲುತ್ತದೆ, ಕೊಡಲೇಬೇಕೆಂಬ ಶಿಫಾರಸು ಮಾಡುವುದಿಲ್ಲ. ತಾಲ್ಲೂಕು ವೈದ್ಯರೇ, ನಿಮ್ಮ ಕಡೆ ಅದು ಬೇಡ ಎಂಬುದನ್ನು ಒಪ್ಪುತ್ತೇನೆ. ನೋರ್‌ಅಡ್ರಿನಲಿನ್ ಮತ್ತು ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ನಿಮ್ಮ ಫ್ರಿಜ್ಜಿನಲ್ಲಿ ಇದ್ದರೆ, ಒತ್ತಡ ಕುಸಿದ ರೋಗಿಗೆ ಸಿಕ್ಕಬೇಕಾದ ಮುಖ್ಯ ಔಷಧಗಳು ನಿಮ್ಮಲ್ಲಿವೆ.

ಆದರೆ ದೊಡ್ಡ ಊರಿನ ಆಸ್ಪತ್ರೆಗಳ ಬಗ್ಗೆ ನನ್ನ ದೂರು ಬೇರೆ. ಅವುಗಳಲ್ಲಿ ಹಲವು ಕಡೆ ಈ ಯಂತ್ರ ಶಿಶುಗಳ ಐಸಿಯುದಲ್ಲಿ ಇದ್ದೇ ಇರುತ್ತದೆ. ಎರಡು ಮಹಡಿ ಕೆಳಗೆ ಹೆಪ್ಪಿನಿಂದ ಕುಸಿಯುತ್ತಿರುವ ರೋಗಿಯ ವೈದ್ಯರಿಗೆ ಅದು ಇರುವುದೇ ಗೊತ್ತಿರುವುದಿಲ್ಲ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಕೈಮುಗಿಯುತ್ತೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಮೆಟ್ಟಿಲು ಹತ್ತುವಾಗ ಅಪ್ಪನಿಗೆ ಏದುಸಿರು ಬರುತ್ತದೆಂದು ಬರೆದಿದ್ದೆ. ಅದಕ್ಕೆ ಈಗಲಾದರೂ ಈ ಅನಿಲ ಬೇಕೇ?

ಹೃದಯತಜ್ಞ, ಬೆಂಗಳೂರು

ಬೇಡ, ಅದು ತುರ್ತಿನ ಮೊದಲ ಗಂಟೆಗಳಿಗೆ ಮಾತ್ರ. ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರು ಹೇಳುವ ತನಕ ಒಂದು ದಿನವೂ ತಪ್ಪಿಸಬೇಡಿ. ಮೂರು ತಿಂಗಳು ತುಂಬಿದ ಮೇಲೂ ಏದುಸಿರು ಉಳಿದಿದ್ದರೆ ಮತ್ತೊಮ್ಮೆ ಎಕೋ ಮಾಡಿಸಿ. ಬಲಭಾಗದ ಒತ್ತಡ ಇನ್ನೂ ಹೆಚ್ಚಿದ್ದರೆ ವಿ/ಕ್ಯೂ ಸ್ಕ್ಯಾನ್ ಎಂಬ ಪರೀಕ್ಷೆ ಕೇಳಿ. ಕೆಲವೇ ಕೆಲವರಲ್ಲಿ ಹೆಪ್ಪು ಕರಗದೆ ಗಾಯದ ಕಲೆಯಂತೆ ಗಟ್ಟಿಯಾಗಿ ನಿಲ್ಲುತ್ತದೆ, ಅದಕ್ಕೆ ಬೇರೆಯದೇ ಚಿಕಿತ್ಸೆಯಿದೆ. ಏದುಸಿರು ಮೊದಲಿಗಿಂತ ಹೆಚ್ಚಾದರೆ ಮಾತ್ರ ಮೂರು ತಿಂಗಳವರೆಗೆ ಕಾಯದೆ ಆ ದಿನವೇ ತೋರಿಸಿ.

ಕರಾವಳಿ ಸಿಸ್ಟರ್, ಮಂಗಳೂರು

ಹೃದಯತಜ್ಞರು ಬರೆದದ್ದನ್ನು ಓದಿ ಇವತ್ತು ಪಾಳಿ ಮುಗಿದ ಮೇಲೆ ನಮ್ಮಲ್ಲೇ ಹೋಗಿ ನೋಡಿದೆ. ಶಿಶುಗಳ ಐಸಿಯುದಲ್ಲಿ ಯಂತ್ರ ಇದೆ, ಎರಡು ಸಿಲಿಂಡರ್ ತುಂಬಿವೆ. ಆದರೆ ಇರುವ ಜೋಡಣೆಯ ನಳಿಕೆಗಳೆಲ್ಲ ಮಕ್ಕಳ ಅಳತೆಯವು, ದೊಡ್ಡವರ ಸರ್ಕ್ಯೂಟಿಗೆ, ಅಂದರೆ ಉಸಿರಾಟದ ಕೊಳವೆಗಳಿಗೆ, ಕೂರುವುದಿಲ್ಲ. ದೊಡ್ಡವರ ಐಸಿಯುದ ಮುಖ್ಯಸ್ಥರಿಗೆ ಚೀಟಿ ಬರೆದು ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ದೊಡ್ಡವರ ಸರ್ಕ್ಯೂಟಿಗೆ ಯಾವ ಅಳತೆಯ ಜೋಡಣೆ ತರಿಸಬೇಕೆಂದು ಇಂಡಿಯಾನಾದವರು ತಿಳಿಸಿದರೆ ಉಪಕಾರವಾಗುತ್ತದೆ.

ಇಂಡಿಯಾನಾ ಕನ್ನಡಿಗ

22 ಮಿ.ಮೀ. ಸರ್ಕ್ಯೂಟಿನದು ಕೇಳಿ, ಸಿಸ್ಟರ್. ಅಳತೆಗೆ ಅನಿಲ ಎಳೆಯುವ ಸಣ್ಣ ನಳಿಕೆಯನ್ನು ರೋಗಿಯ ಹತ್ತಿರ, ಉಸಿರು ಒಳಹೋಗುವ ಬದಿಯಲ್ಲಿ ಜೋಡಿಸಬೇಕು. ನಿಮ್ಮ ಯಂತ್ರದ ಮಾದರಿ ತಿಳಿಸಿ, ನಾಳೆ ಕೆಲಸಕ್ಕೆ ಹೋದಾಗ ನಮ್ಮದರ ಜೊತೆ ಹೋಲಿಸಿ ನೋಡಿ ಬರೆಯುತ್ತೇನೆ.